ತಂಬಾಕು, ವೇಪ್ ಮತ್ತು ನಮ್ಮ ಮಕ್ಕಳು

(ದೇವರಾಯಸಮುದ್ರದಲ್ಲಿ ನಡೆದ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ನಿವೃತ್ತ ಶಿಕ್ಷಕರೊಬ್ಬರು ಮಾಡಿದ ಭಾಷಣ)





ಪ್ರತಿವರ್ಷ ಈ ದಿನ ಓದಿನ ಬಗ್ಗೆ ನಾಲ್ಕು ಮಾತು ಹೇಳುವುದು ವಾಡಿಕೆ. ಈ ಸಲ ತಂಬಾಕಿನ ಬಗ್ಗೆ ಮಾತಾಡುತ್ತೇವೆ ಎಂದಾಗ, "ಫೀಸು ಕೊಡುವ ದಿನ ತಂಬಾಕಿನ ಮಾತು ಯಾಕೆ ಮೇಷ್ಟ್ರೇ?" ಎಂದು ಕೇಳಿದವರುಂಟು. ಲೆಕ್ಕ ಹೇಳುತ್ತೇವೆ, ಕೇಳಿ. ಒಂದು ಮನೆಯಲ್ಲಿ ಬೀಡಿ, ಸಿಗರೇಟು, ಕಡ್ಡಿಪುಡಿ, ಪಾಕೀಟು ಎಲ್ಲಾ ಸೇರಿ ದಿನಕ್ಕೆ 30 ರೂಪಾಯಿ ಹೋಗುತ್ತದೆ ಎಂದುಕೊಳ್ಳಿ. ವರ್ಷಕ್ಕೆ 10,950 ರೂಪಾಯಿ ಆಯಿತು. ಆ ದುಡ್ಡಿನಲ್ಲಿ ಒಂದು ಮಗುವಿನ ಪುಸ್ತಕ, ಬಟ್ಟೆ, ಬಸ್ ಪಾಸು ಮುಗಿದು ಇನ್ನೂ ಉಳಿಯುತ್ತದೆ. ಒಂದು ಕೈಯಲ್ಲಿ ಜಕಾತಿನ, ಸದಕಾದ ದುಡ್ಡು ಪಡೆದು ಇನ್ನೊಂದು ಕೈಯಲ್ಲಿ ಅಂಗಡಿಗೆ ಕೊಟ್ಟರೆ ದಾನಿಗಳ ಶ್ರಮಕ್ಕೆ ಬರಕತ್ ಎಲ್ಲಿಂದ ಬರಬೇಕು?

ಮೊದಲು ನಮ್ಮದೇ ತಪ್ಪನ್ನು ಒಪ್ಪಿಕೊಳ್ಳಬೇಕು. ಒಂದು ಕಾಲದಲ್ಲಿ ನಾವು ಮೇಷ್ಟ್ರುಗಳೇ ಬಿಡುವಿನ ವೇಳೆ ಹುಡುಗರ ಕೈಗೆ ಚಿಲ್ಲರೆ ಕೊಟ್ಟು ಅಂಗಡಿಯಿಂದ ಸಿಗರೇಟು ತರಿಸುತ್ತಿದ್ದೆವು. ಚುರುಕಾದ ಹುಡುಗನನ್ನೇ ಆರಿಸಿ ಕಳಿಸುತ್ತಿದ್ದೆವು. ಅವನಿಗೆ ಅದೊಂದು ಗೌರವ. ತಂಬಾಕು ಕೆಟ್ಟದ್ದು ಎಂದು ಪಾಠ ಮಾಡಿದ್ದೂ ನಾವೇ. ಮಕ್ಕಳು ಪಾಠವನ್ನು ಮರೆತರು, ಅಂಗಡಿಯ ದಾರಿಯನ್ನು ಮರೆಯಲಿಲ್ಲ. ಇವತ್ತು ಮನೆಗಳಲ್ಲಿ ನಡೆಯುತ್ತಿರುವುದೂ ಅದೇ. ಅದಕ್ಕೇ ಈ ಮಾತು ಮಕ್ಕಳಿಗಿಂತ ಹೆಚ್ಚಾಗಿ ದೊಡ್ಡವರಿಗೆ.

ನಮ್ಮ ಕಡೆಯ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ದಾದಿಯ ಕೆನ್ನೆಯಲ್ಲಿ ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು. ಅಬ್ಬಾ ಅವರ ಜೇಬಿನಲ್ಲಿ ಬೀಡಿ ಕಟ್ಟು. ಕಾಲೇಜಿಗೆ ಹೋಗುವ ಮಗನ ಬ್ಯಾಗಿನಲ್ಲಿ ಪೆನ್ನಿನಂಥ, ಪೆನ್ ಡ್ರೈವಿನಂಥ ಒಂದು ವಸ್ತು, ಅದರಿಂದ ಮಾವಿನಹಣ್ಣಿನ ವಾಸನೆ. ಮೂವರೂ ಒಬ್ಬರನ್ನೊಬ್ಬರು ಬೈಯುತ್ತಾರೆ. ಆದರೆ ಮೂವರನ್ನೂ ಹಿಡಿದಿರುವುದು ಒಂದೇ, ನಿಕೋಟಿನ್. ಹೊಗೆಯ ಮೂಲಕ ಹೋದರೆ ಅದು ಹತ್ತು ಇಪ್ಪತ್ತು ಸೆಕೆಂಡಿನಲ್ಲಿ ಮೆದುಳನ್ನು ಮುಟ್ಟುತ್ತದೆ. ಸ್ವಲ್ಪ ಹೊತ್ತು ಹಾಯೆನಿಸುತ್ತದೆ, ಆಮೇಲೆ ಮತ್ತೆ ಬೇಕೆನಿಸುತ್ತದೆ. ಮೂವರ ವಿಷಯವನ್ನೂ ಒಂದೊಂದಾಗಿ ನೋಡೋಣ.

ದಾದಿಯಿಂದ ಶುರು ಮಾಡುತ್ತೇವೆ, ಯಾಕೆಂದರೆ ಇದು ನಮ್ಮ ಜಿಲ್ಲೆಯದೇ ಕಷ್ಟ. ಕೋಲಾರದ ಟಮಕದಲ್ಲಿರುವ ಶ್ರೀ ದೇವರಾಜ ಅರಸು ವೈದ್ಯಕೀಯ ಕಾಲೇಜಿನ ವೈದ್ಯರು ಈ ಭಾಗದಲ್ಲಿ ಬಾಯಿ ಕ್ಯಾನ್ಸರ್ ಹೆಚ್ಚು, ಅದರಲ್ಲೂ ಕೆನ್ನೆಯ ಒಳಗಿನ ಕ್ಯಾನ್ಸರ್ ಹಳ್ಳಿಯ ಹೆಂಗಸರಲ್ಲಿ ಬಹಳ ಕಾಣುತ್ತದೆ ಎಂದು ಬರೆಯುತ್ತಾ ಬಂದಿದ್ದಾರೆ. ಕಾರಣ ನಮಗೆಲ್ಲ ಗೊತ್ತಿರುವುದೇ. ಹೊಗೆಸೊಪ್ಪನ್ನು ಕೆನ್ನೆಗೆ ಇಟ್ಟುಕೊಂಡು ಗಂಟೆಗಟ್ಟಲೆ ಬಿಡುವುದು, ಕೆಲವರು ಹಾಗೇ ಮಲಗಿಬಿಡುವುದು. ಸುಣ್ಣ ಸೇರಿದಾಗ ನಿಕೋಟಿನ್ ಇನ್ನೂ ಬೇಗ ರಕ್ತಕ್ಕೆ ಇಳಿಯುತ್ತದೆ. ಹೊಗೆಸೊಪ್ಪು ಬಿಟ್ಟು ಬರೀ ಅಡಿಕೆ ಜಗಿದರೆ ತೊಂದರೆ ಇಲ್ಲ ಎನ್ನುವವರಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲೇ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ.

ತಾಯಂದಿರು ಇದನ್ನು ನೆನಪಿಟ್ಟುಕೊಳ್ಳಿ. ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ಮೂರು ವಾರವಾದರೂ ಮಾಯದ ಹುಣ್ಣು, ಖಾರ ತಿಂದರೆ ತಡೆಯಲಾರದ ಉರಿ, ಮೂರು ಬೆರಳು ಒಟ್ಟಿಗೆ ಒಳಗೆ ಹೋಗದಷ್ಟು ಬಾಯಿ ಬಿಗಿಯುವುದು, ಇವು ಎಚ್ಚರಿಕೆಯ ಗುರುತುಗಳು. ನೋವಿಲ್ಲ ಎಂದು ಸುಮ್ಮನಿರಬೇಡಿ. ಶುರುವಿನಲ್ಲಿ ನೋವಿರುವುದಿಲ್ಲ. ಬೇಗ ತೋರಿಸಿದರೆ ಗುಣವಾಗುವ ರೋಗ ಇದು. ಟಮಕದಲ್ಲಿ ಆಸ್ಪತ್ರೆ ಇದೆ, ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆ ಇದೆ. ಸೊಸೆಯಂದಿರು ಬಸುರಿಯಾಗಿದ್ದಾಗ ಹಲ್ಲುನೋವಿಗೆಂದು ಕಡ್ಡಿಪುಡಿ ಕೊಡುವುದನ್ನಂತೂ ಇವತ್ತೇ ನಿಲ್ಲಿಸಿ. ಮಗು ತೂಕ ಕಡಿಮೆಯಾಗಿ ಹುಟ್ಟುತ್ತದೆ, ಹೊಟ್ಟೆಯಲ್ಲೇ ತೀರಿಹೋಗುವುದೂ ಉಂಟು.

ಇನ್ನು ಬೀಡಿ. ಚಿಕ್ಕದು, ಎಲೆಯದ್ದು, ಆದ್ದರಿಂದ ಸಿಗರೇಟಿಗಿಂತ ವಾಸಿ ಎಂಬ ನಂಬಿಕೆ ಇದೆ. ಅದು ತಪ್ಪು. ಬೀಡಿಗೆ ಫಿಲ್ಟರ್ ಇಲ್ಲ, ಎಲೆಯ ಮೂಲಕ ಗಾಳಿ ಆಡುವುದಿಲ್ಲ, ಆರದಂತೆ ಜೋರಾಗಿ ಎಳೆಯುತ್ತಲೇ ಇರಬೇಕು. ಹಾಗಾಗಿ ಟಾರು, ಕಾರ್ಬನ್ ಮಾನಾಕ್ಸೈಡು ಎದೆಗೆ ಹೆಚ್ಚಾಗಿಯೇ ಇಳಿಯುತ್ತವೆ. ತಂಬಾಕಿನ ಹೊಗೆಯಲ್ಲಿ 7,000ಕ್ಕೂ ಹೆಚ್ಚು ರಾಸಾಯನಿಕಗಳಿವೆ, ಅವುಗಳಲ್ಲಿ 70ರಷ್ಟು ಕ್ಯಾನ್ಸರ್ ತರುವಂಥವು. ಮನೆಯೊಳಗೆ ಒಬ್ಬರು ಸೇದಿದರೆ ಪಕ್ಕದಲ್ಲಿ ಮಲಗಿದ ಮಗುವಿಗೂ ಉಬ್ಬಸ, ಕಿವಿ ಸೋಂಕು.

ಆದರೆ ಬೀಡಿ ಕಟ್ಟುವ ತಾಯಂದಿರನ್ನು ನಾವು ದೂರುವುದಿಲ್ಲ. ಮೊರದಲ್ಲಿ ತಂಬಾಕು ಇಟ್ಟುಕೊಂಡು ಸಾವಿರ ಲೆಕ್ಕದಲ್ಲಿ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ತಾಯಂದಿರು ನಮ್ಮ ಸಮಾಜದಲ್ಲಿ ಬಹಳ ಇದ್ದಾರೆ. ಅವರ ಬೆರಳು ಸವೆದು ಮಕ್ಕಳು ಪದವಿ ಪಡೆದಿದ್ದಾರೆ. ಅವರಿಗೆ ನಮ್ಮ ಮಾತು ಇಷ್ಟೇ: ತಂಬಾಕಿನ ಧೂಳು ಉಸಿರಿನಲ್ಲೂ ಚರ್ಮದಲ್ಲೂ ಒಳಗೆ ಹೋಗುತ್ತದೆ. ಬಾಗಿಲು ಕಿಟಕಿ ತೆರೆದು ಕುಳಿತುಕೊಳ್ಳಿ, ಮೂಗು ಬಾಯಿಗೆ ದುಪಟ್ಟಾ ಕಟ್ಟಿ, ಕೈ ತೊಳೆಯದೆ ಮಗುವಿಗೆ ಊಟ ಕೊಡಬೇಡಿ, ಅಡುಗೆಮನೆಯಲ್ಲಿ ತಂಬಾಕು ಇಡಬೇಡಿ, ಮಕ್ಕಳನ್ನು ಮೊರದ ಮುಂದೆ ಕೂರಿಸಬೇಡಿ. ಬೀಡಿ ಕಾರ್ಮಿಕರ ಮಕ್ಕಳಿಗೆಂದೇ ಕೇಂದ್ರ ಕಾರ್ಮಿಕ ಇಲಾಖೆಯ ವಿದ್ಯಾರ್ಥಿವೇತನವಿದೆ. ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಕಾರ್ಮಿಕರ ಗುರುತಿನ ಚೀಟಿ ಇದ್ದೂ ಅರ್ಜಿ ಹಾಕದವರು ಇವತ್ತು ಸಭೆ ಮುಗಿದ ಮೇಲೆ ನಮ್ಮನ್ನು ಕಾಣಿರಿ.

ಈಗ ಮಗನ ಬ್ಯಾಗು. ವೇಪ್ ಎಂದರೆ ಬರೀ ನೀರಿನ ಹಬೆ ಎಂದು ಹುಡುಗರು ಹೇಳುತ್ತಾರೆ. ಅಲ್ಲ. ಅದರೊಳಗೆ ನಿಕೋಟಿನ್, ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್, ಹಣ್ಣಿನ ವಾಸನೆಯ ರಾಸಾಯನಿಕಗಳು ಇರುತ್ತವೆ. ಬ್ಯಾಟರಿಯಿಂದ ತಂತಿ ಸುರುಳಿ ಕಾಯ್ದು ಈ ದ್ರವ ಮಂಜಿನಂತಾಗಿ ಎದೆಗೆ ಇಳಿಯುತ್ತದೆ. ಸುರುಳಿಯಿಂದ ನಿಕ್ಕಲ್, ಸೀಸದಂಥ ಲೋಹದ ಕಣಗಳೂ ಸೇರುತ್ತವೆ. ಗಂಟಲು ಉರಿಯುವುದಿಲ್ಲವಾದ್ದರಿಂದ ಎಷ್ಟು ಎಳೆದೆವು ಎಂಬುದೇ ಗೊತ್ತಾಗುವುದಿಲ್ಲ. ಕೆಲವು ವೇಪ್‌ಗಳಲ್ಲಿ ಒಂದು ಇಡೀ ಪ್ಯಾಕ್ ಸಿಗರೇಟಿನಷ್ಟು ನಿಕೋಟಿನ್ ಇರುತ್ತದೆ. ಮೆದುಳು ಬೆಳೆಯುವುದು ಸುಮಾರು 25ನೇ ವಯಸ್ಸಿನವರೆಗೆ. ಆ ವಯಸ್ಸಿನೊಳಗೆ ನಿಕೋಟಿನ್ ಹತ್ತಿದರೆ ಗಮನ, ಕಲಿಕೆ, ಮನಸ್ಸಿನ ಹಿಡಿತ ಮೂರಕ್ಕೂ ಏಟು. ವಿದ್ಯಾರ್ಥಿಗೆ ಇದಕ್ಕಿಂತ ದೊಡ್ಡ ನಷ್ಟ ಯಾವುದು?

ನ್ಯಾಯವಾಗಿ ಇನ್ನೊಂದು ಮಾತೂ ಹೇಳಬೇಕು. ಬ್ರಿಟನ್ನಿನಂಥ ದೇಶಗಳಲ್ಲಿ ಸಿಗರೇಟು ಬಿಡಲಾಗದ ದೊಡ್ಡವರಿಗೆ ವೇಪ್ ಬಳಸಲು ವೈದ್ಯರು ಹೇಳುವುದುಂಟು. ಸುಡುವ ತಂಬಾಕಿಗಿಂತ ಅದರಲ್ಲಿ ವಿಷ ಕಡಿಮೆ ಎಂಬುದು ಅವರ ಲೆಕ್ಕ. ಆದರೆ ಒಂದು ದಿನವೂ ಸೇದದ ಹುಡುಗ ಅದನ್ನು ಹಿಡಿದರೆ ಅವನು ಬಿಡುತ್ತಿರುವುದು ಏನನ್ನು? ಅವನು ಚಟವನ್ನು ಹೊಸದಾಗಿ ಶುರು ಮಾಡುತ್ತಿದ್ದಾನೆ, ಅಷ್ಟೆ.

ಕಾನೂನೂ ತಿಳಿದಿರಲಿ. ಕರ್ನಾಟಕವು 2016ರಲ್ಲೇ ಇ-ಸಿಗರೇಟನ್ನು ನಿಷೇಧಿಸಿತು, 2019ರಲ್ಲಿ ಇಡೀ ದೇಶದಲ್ಲಿ ನಿಷೇಧವಾಯಿತು. ಮಾರಿದವರಿಗೆ ಮೊದಲ ತಪ್ಪಿಗೇ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. "ಸ್ನೇಹಿತರಿಗೆ ತರಿಸಿಕೊಟ್ಟೆ, ಸ್ವಲ್ಪ ಲಾಭ ಬಂತು" ಎನ್ನುವ ಹುಡುಗನೂ ಮಾರಿದವನೇ. ಗುಟ್ಕಾ ನಮ್ಮ ರಾಜ್ಯದಲ್ಲಿ 2013ರಿಂದ ನಿಷಿದ್ಧ. 2025ರಲ್ಲಿ ಜಾರಿಗೆ ಬಂದ ರಾಜ್ಯದ ತಿದ್ದುಪಡಿಯಂತೆ 21 ವರ್ಷ ತುಂಬದವರಿಗೆ ತಂಬಾಕು ಮಾರುವಂತಿಲ್ಲ, ಶಾಲೆ ಕಾಲೇಜಿನಿಂದ 100 ಮೀಟರ್ ಒಳಗೆ ಮಾರುವಂತಿಲ್ಲ, ಹುಕ್ಕಾ ಬಾರ್ ನಡೆಸುವಂತಿಲ್ಲ, ಸಾರ್ವಜನಿಕ ಜಾಗದಲ್ಲಿ ಬಳಸಿದರೆ 1,000 ರೂಪಾಯಿವರೆಗೆ ದಂಡ. ಈಗ ಯಾರಾದರೂ ಹುಡುಗನನ್ನು ಅಂಗಡಿಗೆ ಕಳಿಸಿದರೆ ಅಂಗಡಿಯವನು ಕೊಡಬಾರದು, ನಾವು ಕಳಿಸಲೂ ಬಾರದು.

"ಎಲ್ಲಾ ಸರಿ ಮೇಷ್ಟ್ರೇ, ಬಿಡಲು ಆಗುವುದಿಲ್ಲ" ಎನ್ನುವವರಿಗೆ ಒಂದು ಪ್ರಶ್ನೆ. ರಂಜಾನಿನಲ್ಲಿ ಸಹರಿಯಿಂದ ಇಫ್ತಾರಿನವರೆಗೆ 13, 14 ಗಂಟೆ ಹೇಗೆ ಬಿಟ್ಟಿರಿ? ನಿಕೋಟಿನ್ ದೇಹದಲ್ಲಿ ಸುಮಾರು ಎರಡು ಗಂಟೆಗೆ ಅರ್ಧವಾಗುತ್ತದೆ. ಮಗ್ರಿಬ್ ಹೊತ್ತಿಗೆ ಅದು ಬಹುಮಟ್ಟಿಗೆ ಇಳಿದುಹೋಗಿರುತ್ತದೆ. ನೀವು ಕಷ್ಟದ ದಾರಿಯನ್ನು ಆಗಲೇ ನಡೆದಿರುತ್ತೀರಿ. ಖರ್ಜೂರ ತಿಂದು ನೀರು ಕುಡಿದು, ನಮಾಜು ಮುಗಿಸಿ ಹೊರಗೆ ಬಂದು ಬೀಡಿ ಹಚ್ಚುತ್ತೀರಲ್ಲ, ಅಲ್ಲಿ ಹಗಲಿನ ಗಳಿಕೆ ಹೋಗುತ್ತದೆ. ಬಿಟ್ಟವರಿಗೆ ಮೊದಲ ಎರಡು ಮೂರು ದಿನ ತಲೆನೋವು, ಸಿಟ್ಟು, ನಿದ್ದೆ ಬಾರದಿರುವುದು ಜಾಸ್ತಿ. ಎರಡರಿಂದ ನಾಲ್ಕು ವಾರದಲ್ಲಿ ಬಹಳ ಮಟ್ಟಿಗೆ ಇಳಿಯುತ್ತದೆ. ಅಂದರೆ ಹೆಚ್ಚುಕಡಿಮೆ ಒಂದು ರಂಜಾನ್. ಒಂದು ವರ್ಷ ಬಿಟ್ಟವರಿಗೆ ಹೃದಯಾಘಾತದ ಅಪಾಯ ಸೇದುವವರಿಗಿಂತ ಅರ್ಧದಷ್ಟಾಗುತ್ತದೆ.

ಒಬ್ಬರೇ ಆಗದಿದ್ದರೆ ಸಹಾಯ ಪಡೆಯಲು ನಾಚಿಕೆ ಬೇಡ. ಸರ್ಕಾರದ ಉಚಿತ ಸಹಾಯವಾಣಿ 1800-11-2356 ಇದೆ. ಬೆಂಗಳೂರಿನ ನಿಮ್ಹಾನ್ಸ್ ಮೂಲಕ ಕನ್ನಡದಲ್ಲೂ ಮಾತಾಡುತ್ತಾರೆ. ನಿಕೋಟಿನ್ ಗಮ್, ಪ್ಯಾಚ್ ಬಗ್ಗೆ ವೈದ್ಯರನ್ನು ಕೇಳಿ. ಬಿಡುವವರು ಇದ್ದಾರೆ ಎಂಬುದಕ್ಕೆ ಸರ್ಕಾರದ ಸಮೀಕ್ಷೆಯೇ ಸಾಕ್ಷಿ: ಕರ್ನಾಟಕದ ವಯಸ್ಕರಲ್ಲಿ ತಂಬಾಕು ಬಳಸುವವರು 2009-10ರಲ್ಲಿ ನೂರಕ್ಕೆ 28 ಇದ್ದದ್ದು 2016-17ರಲ್ಲಿ 23ಕ್ಕೆ ಇಳಿಯಿತು.

ಕೊನೆಗೆ ದಾನಿಗಳಿಗೆ ಒಂದು ಮಾತು. ತಂಬಾಕು ಬಿಡದ ಮನೆಗೆ ವಿದ್ಯಾರ್ಥಿವೇತನ ಕೊಡಬಾರದು ಎಂಬ ಸಲಹೆ ಬಂದಿದೆ. ಕಳಕಳಿಯಿಂದ ಬಂದ ಸಲಹೆ, ಆದರೂ ನಾವು ಒಪ್ಪುವುದಿಲ್ಲ. ಅಪ್ಪನ ಬೀಡಿಗೆ ಮಗಳ ಪಿಯುಸಿ ನಿಲ್ಲಬಾರದು. ವೇಪ್ ಸಿಕ್ಕ ಹುಡುಗನ ಹೆಸರು ಹೊಡೆದುಹಾಕಿದರೆ ಅವನು ನಮ್ಮ ಕೈಯಿಂದಲೇ ತಪ್ಪಿಹೋಗುತ್ತಾನೆ. ಅವನು ಓದುತ್ತಾ ಇದ್ದರೆ ತಾನೇ ನಾವು ಅವನ ಜೊತೆ ಮಾತಾಡುವುದು? ಷರತ್ತಿನ ಬದಲು ಒಂದು ಕೋರಿಕೆ ಇಡುತ್ತೇವೆ. ಇವತ್ತು ಚೆಕ್ಕು ಪಡೆಯುವ ಪ್ರತಿಯೊಂದು ಮನೆಯಲ್ಲೂ ತಂಬಾಕಿನ ಒಂದು ದಿನದ ಖರ್ಚನ್ನು ಮಗುವಿನ ಕೈಯಲ್ಲೇ ಬರೆಸಿ. ಮೂವತ್ತು ದಿನ ಬರೆಯಲಿ. ಒಟ್ಟು ಕೂಡಿಸಿ ಮಗು ಓದಿ ಹೇಳಲಿ, ದೊಡ್ಡವರು ಕೂತು ಕೇಳಲಿ.

ದೇಹ ಅಲ್ಲಾಹನು ಕೊಟ್ಟ ಅಮಾನತ್ತು, ಮಕ್ಕಳೂ ಅಮಾನತ್ತು. ಎರಡನ್ನೂ ಜೋಪಾನವಾಗಿ ಕಾಯುವ ಶಕ್ತಿಯನ್ನು ನಮಗೆಲ್ಲ ಕೊಡಲಿ. ದಾನಿಗಳ ದಾನ ಕಬೂಲ್ ಆಗಲಿ, ಮಕ್ಕಳ ಓದು ಮುಂದುವರಿಯಲಿ. ಆಮೀನ್.