ಒಕ್ಕಲುತನದ ವಿದ್ಯಾದಾಸೋಹ
(ಶ್ರೀಮಠದ ಮಹೋತ್ಸವ ಸಭೆಯಲ್ಲಿ ಮಾಡಿದ ಉಪನ್ಯಾಸ)



ದಾಸೋಹವೆಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಅನ್ನದ ಪಂಕ್ತಿಯು. ಅನ್ನದಾಸೋಹದಂತೆಯೇ ವಿದ್ಯಾದಾಸೋಹವೂ ಮಠಗಳ ಧರ್ಮವಾಗಿರುವುದು. ಆದರೆ ವಿದ್ಯೆಯೆಂದರೆ ಗ್ರಂಥವಿದ್ಯೆಯೊಂದೇ ಎಂದು ಭಾವಿಸಲಾಗದು. ಹನ್ನೆರಡನೆಯ ಶತಮಾನದ ಶರಣರೊಳಗೆ ಒಕ್ಕಲುತನವನ್ನೇ ಕಾಯಕವಾಗಿ ಉಳ್ಳ ಒಕ್ಕಲಿಗ ಮುದ್ದಣ್ಣನೂ ವಚನಕಾರನೆನಿಸಿದನು. ನೇಗಿಲ ವಿದ್ಯೆಯೂ ವಿದ್ಯೆಯೇ ಸರಿ. ಈ ವಿದ್ಯೆಯನ್ನು ಬಲ್ಲವರು ಪ್ರತಿಫಲವನ್ನು ಬಯಸದೆ ದೂರದ ಬಡ ದೇಶಗಳಿಗೆ ಹೋಗಿ, ತುಂಡು ಭೂಮಿಯ ರೈತರಿಗೆ ಅದನ್ನು ಹಂಚುವ ಸೇವೆಯು ನಮ್ಮ ಕಾಲದಲ್ಲಿ ಹಲವೆಡೆ ನಡೆದುಬಂದಿದೆ. ಆ ಸೇವೆಯು ಯಾವಾಗ ದಾಸೋಹವಾಗುವುದು, ಯಾವಾಗ ಬರಿಯ ಉಪದೇಶವಾಗಿ ನಿಲ್ಲುವುದು ಎಂಬುದೇ ಇಂದಿನ ವಿಚಾರವು.

ಬುದ್ಧಿ ಹೇಳಿದವನ ಮಾತು ಸುಳ್ಳಾದರೆ ಅವನಿಗೆ ನಷ್ಟವೇನು? ಏನೂ ಇಲ್ಲ, ತನ್ನ ಊರಿಗೆ ತಾನು ಮರಳುವನು. ಆ ಮಾತನ್ನು ನಂಬಿ ಬಿತ್ತಿದ ರೈತನಿಗಾದರೋ ವರುಷದ ಅನ್ನವೇ ಹೋಗುವುದು. ಈ ವಿಷಮತೆಯನ್ನು ಮರೆತ ಸೇವೆಯು ಎಷ್ಟು ದೊಡ್ಡದಾದರೂ ನೆಲೆಗೊಳ್ಳಲಾರದು.

ಮೊದಲು ಒಂದು ವಿಪರೀತದ ದೃಷ್ಟಾಂತವನ್ನು ಹೇಳುವೆನು. ೧೯೪೭ರಲ್ಲಿ ಬ್ರಿಟಿಷ್ ಸರಕಾರವು ಇಂದು ಟಾಂಜಾನಿಯವೆನಿಸಿರುವ ಪೂರ್ವ ಆಫ್ರಿಕದ ಟಾಂಗನೀಕದಲ್ಲಿ ಲಕ್ಷಗಟ್ಟಲೆ ಎಕರೆ ಕುರುಚಲು ಕಾಡನ್ನು ಕಡಿದು ಶೇಂಗಾ ಬೆಳೆಯಲು ಹೊರಟಿತು. ತಜ್ಞರು ಬಂದರು, ಟ್ರ್ಯಾಕ್ಟರುಗಳು ಬಂದವು; ಆದರೆ ಮಳೆಯ ಗತಿಯನ್ನೂ ಮಣ್ಣಿನ ಗುಣವನ್ನೂ ಆ ನೆಲದವರಿಂದ ಕೇಳಿ ತಿಳಿಯುವ ವ್ಯವಧಾನವು ಯಾರಿಗೂ ಇರಲಿಲ್ಲ. ಕೊಂಗ್ವ ಎಂಬ ಸ್ಥಳದ ಜೇಡಿಮಣ್ಣು ಬೇಸಗೆಯಲ್ಲಿ ಇಟ್ಟಿಗೆಯಂತೆ ಗಟ್ಟಿಯಾಗಿ, ಬೆಳೆದ ಅಲ್ಪಸ್ವಲ್ಪ ಕಾಯಿಯನ್ನೂ ಕೀಳದಂತಾಯಿತು. ೧೯೫೧ರಲ್ಲಿ ಆ ಯೋಜನೆಯನ್ನು ಕೈಬಿಟ್ಟಾಗ ಮೂರು ಕೋಟಿ ಅರುವತ್ತು ಲಕ್ಷ ಪೌಂಡುಗಳನ್ನು ನಷ್ಟವೆಂದು ಬರೆದುಕೊಳ್ಳಬೇಕಾಯಿತು.

ಇದಕ್ಕೆ ಪ್ರತಿಯಾಗಿ, ಅದೇ ಆಫ್ರಿಕದ ಪೂರ್ವಕ್ಕಿರುವ ಮಡಗಾಸ್ಕರ್ ದ್ವೀಪದಲ್ಲಿ ನಡೆದ ಕಾರ್ಯವನ್ನು ಲಕ್ಷಿಸಿರಿ. ಅನ್ನವೇ ಅಲ್ಲಿಯ ಜನರ ಮುಖ್ಯ ಆಹಾರವು. ೧೯೬೧ರಲ್ಲಿ ಆಂರಿ ದ ಲೋಲಾನಿಯೆ ಎಂಬ ಫ್ರೆಂಚ್ ಕ್ರೈಸ್ತ ಸನ್ಯಾಸಿಯು ಅಲ್ಲಿಗೆ ಬಂದನು. ಸನ್ಯಾಸಕ್ಕೆ ಮೊದಲು ಕೃಷಿಶಾಸ್ತ್ರವನ್ನು ಓದಿದ್ದವನಾದರೂ ಬಂದೊಡನೆ ಪಾಠ ಹೇಳಲು ಅವನು ಆತುರಪಡಲಿಲ್ಲ. ಗದ್ದೆಯಿಂದ ಗದ್ದೆಗೆ ತಿರುಗಿ ರೈತರ ಕೈಕೆಲಸವನ್ನು ನೋಡಿದನು. ಎಲ್ಲರೂ ಹಲವು ಸಸಿಗಳನ್ನು ಕೂಡಿಸಿ ನಡುತ್ತಿರುವಲ್ಲಿ ಕೆಲವರು ಒಂಟಿ ಸಸಿಯನ್ನು ನಡುತ್ತಿದ್ದರು. ಎಲ್ಲರೂ ನೀರು ನಿಲ್ಲಿಸುತ್ತಿರುವಲ್ಲಿ ಕೆಲವರು ಗದ್ದೆಯನ್ನು ಹಸಿಯಾಗಿ ಮಾತ್ರ ಇಡುತ್ತಿದ್ದರು. ಇವನ್ನು ಅವನು ಕಲಿತುಕೊಂಡನು. ಸುಮಾರು ಇಪ್ಪತ್ತು ವರುಷಗಳು ಹೀಗೆಯೇ ಸಂದವು.

೧೯೮೩ರ ಹಂಗಾಮಿನಲ್ಲಿ ಮಳೆಯ ಅಭಾವದಿಂದ ಅವನ ಪಾಠಶಾಲೆಯ ಗದ್ದೆಯಲ್ಲಿ ಕೇವಲ ಹದಿನೈದು ದಿನದ ಎಳೆಯ ಸಸಿಗಳನ್ನು ನಡಬೇಕಾಯಿತು. ವಾಡಿಕೆಯ ನಾಟಿಗೆ ತಿಂಗಳು ತುಂಬಿದ ಸಸಿಯು ಬೇಕಾಗಿದ್ದಿತು. ಕೆಟ್ಟಿತೆಂದು ತಿಳಿದ ಆ ಪೈರೇ ಎಲ್ಲಕ್ಕಿಂತಲೂ ಹೆಚ್ಚು ತೆಂಡೆ ಒಡೆಯಿತು! ಅಲ್ಲಿಂದ ಮುಂದೆ ಇನ್ನೂ ಎಳೆಯ ಸಸಿಗಳನ್ನು ನೆಟ್ಟು ನೋಡಿ ಒಂದು ಕ್ರಮವನ್ನು ಕಟ್ಟಿದನು: ಎಂಟರಿಂದ ಹನ್ನೆರಡು ದಿನದ ಸಸಿಯನ್ನು ಬೇರು ನಲುಗದಂತೆ ಕಿತ್ತು ಒಂದೊಂದಾಗಿ ನಡಬೇಕು, ಸಾಲಿಗೂ ಸಸಿಗೂ ಒಂದು ಗೇಣಿಗೆ ಮಿಕ್ಕಿದ ಚೌಕ ಅಂತರವಿರಬೇಕು, ನೀರು ನಿಲ್ಲಿಸದೆ ತೇವವನ್ನು ಮಾತ್ರ ಕಾಯಬೇಕು, ಕಳೆ ತೆಗೆಯುವ ಉರುಳು ಸಾಧನವನ್ನು ಸಾಲುಗಳ ನಡುವೆ ಉದ್ದಗಲ ಎರಡೂ ಕಡೆ ಹಾಯಿಸಬೇಕು. ಬೇರಿಗೆ ಗಾಳಿಯಾಡುವುದರಿಂದ ತೆಂಡೆಗಳು ಬಲಿಯುವುವು. ಬೀಜವೂ ನೀರೂ ಉಳಿಯುವುವು. ನಮ್ಮ ನಾಡಿನ ಭತ್ತದ ರೈತರು ಶ್ರೀ ಪದ್ಧತಿಯೆಂದು ಕರೆಯುವುದು ಇದನ್ನೇ. ೧೯೯೦ರಲ್ಲಿ ಆ ನಾಡಿನ ಮಿತ್ರರೊಡನೆ ಅವನು ಸ್ಥಾಪಿಸಿದ ಸಂಘಕ್ಕೆ ಅವರ ಭಾಷೆಯಲ್ಲಿಯೇ ತೆಫಿ ಸೈನ ಎಂದು ಹೆಸರಿಟ್ಟರು; ಬುದ್ಧಿಯನ್ನು ಹದಗೊಳಿಸುವುದೆಂದು ಅದರ ಅಭಿಪ್ರಾಯವು. ೧೯೯೫ರಲ್ಲಿ ಅವನು ದಿವಂಗತನಾದನು.

ಇಲ್ಲಿಗೇ ನಿಲ್ಲಿಸಿದರೆ ಇದು ಸ್ತುತಿಪಾಠವಾದೀತು. ಅಧಿಕ ಇಳುವರಿಯ ಲೆಕ್ಕವನ್ನು ಕೆಲವು ವಿಜ್ಞಾನಿಗಳು ಒಪ್ಪಲಿಲ್ಲ. ಆ ವಾದವು ಬಹುಕಾಲ ನಡೆಯಿತು. ಅದಕ್ಕಿಂತಲೂ ಮನಸ್ಸಿಗೆ ನಾಟುವ ಸಂಗತಿಯು ಬೇರೊಂದಿದೆ. ಮಡಗಾಸ್ಕರಿನಲ್ಲಿಯೇ ಈ ಪದ್ಧತಿಯನ್ನು ಹಿಡಿದ ಅನೇಕ ರೈತರು ಕೆಲವು ವರುಷಗಳಲ್ಲಿ ಅದನ್ನು ಬಿಟ್ಟರೆಂದು ೨೦೦೩ರಲ್ಲಿ ಪ್ರಕಟವಾದ ಅಧ್ಯಯನವು ತೋರಿಸಿತು. ಕಾರಣವು ಅಜ್ಞಾನವಲ್ಲ, ಸೋಮಾರಿತನವೂ ಅಲ್ಲ. ಈ ನಾಟಿಗೂ ಕಳೆಗೂ ಹೆಚ್ಚು ಆಳು ಬೇಕು. ಅದೇ ಹೊತ್ತಿಗೆ ಬಡವನ ಮನೆಯ ಕಣಜವು ಬರಿದಾಗಿರುವುದು. ಅಂದಿನ ಅನ್ನಕ್ಕಾಗಿ ಅವನು ಪರರ ಗದ್ದೆಗೆ ಕೂಲಿಗೆ ಹೋಗಬೇಕು. ತನ್ನ ಗದ್ದೆಯಲ್ಲಿ ದುಡಿದರೆ ನಾಲ್ಕು ತಿಂಗಳ ಮೇಲೆ ಲಾಭವುಂಟೆಂದು ಅವನು ಬಲ್ಲನು. ಆದರೆ ಹಸಿವು ನಾಲ್ಕು ತಿಂಗಳು ಕಾಯುವುದಿಲ್ಲ. ವಿದ್ಯೆಯು ಬಾಗಿಲವರೆಗೆ ಬಂದಿತು. ಒಲೆಯ ಮೇಲಿನ ಬರಿದಾದ ಗಡಿಗೆಯು ಅದನ್ನು ಹಿಂದಕ್ಕೆ ಕಳುಹಿತು.

ಹೊರಗಿನವರು ಬಂದು ಕಲಿಸಿದಲ್ಲದೆ ರೈತನಿಗೆ ತಿಳಿಯದೆಂಬ ಭಾವನೆಯೂ ಸಲ್ಲದು. ನಮ್ಮ ಹಾವೇರಿ ಜಿಲ್ಲೆಯ ರೈತರು ಗುಳಿ ರಾಗಿಯೆಂಬ ಕ್ರಮವನ್ನು ತಾವೇ ರೂಢಿಸಿಕೊಂಡಿರುವರು. ಹೊಲದಲ್ಲಿ ಚೌಕವಾಗಿ ಗೆರೆ ಹೊಡೆದು, ಗೆರೆಗಳು ಕೂಡುವಲ್ಲಿ ಗುಳಿ ಮಾಡಿ, ಗೊಬ್ಬರ ಹಾಕಿ ಎಳೆಯ ಸಸಿಯನ್ನು ನಡುವರು. ಬಳಿಕ ಪೈರಿನ ಮೇಲೆ ಕೊರಡು ಹೊಡೆಯುವರು. ಬಾಗಿದ ಪೈರು ಬುಡದಲ್ಲಿ ತೆಂಡೆ ಒಡೆಯುವುದು. ಮಡಗಾಸ್ಕರಿನ ಗದ್ದೆಯೂ ಹಾವೇರಿಯ ಹೊಲವೂ ಎಳೆಯ ಸಸಿ, ಅಗಲದ ಅಂತರ ಎಂಬ ಒಂದೇ ತತ್ತ್ವವನ್ನು ಬೇರೆಬೇರೆಯಾಗಿ ಕಂಡುಕೊಂಡಿವೆ.

ಆದುದರಿಂದ ಕೃಷಿವಿದ್ಯೆಯನ್ನು ಹಂಚಹೊರಟವನಿಗೆ ಮೂರು ನೇಮಗಳು ಅವಶ್ಯವೆಂದು ನನಗೆ ತೋರುವುದು. ಮೊದಲು ಕಲಿತು ಆಮೇಲೆ ಕಲಿಸುವುದು ಒಂದು. ಗದ್ದೆಯನ್ನು ನೋಡುವಂತೆಯೇ ಮನೆಯ ಗಡಿಗೆಯನ್ನೂ ನೋಡುವುದು ಎರಡು. ಪರೀಕ್ಷೆಯು ಸೋತರೆ ನಷ್ಟದಲ್ಲಿ ತಾನೂ ಪಾಲುಗೊಳ್ಳುವುದು ಮೂರು. ಮೂರನೆಯದಿಲ್ಲದೆ ಮೊದಲಿನ ಎರಡೂ ಪೂರ್ಣವಾಗಲಾರವು.

ಇಂಥ ಮೂರನೆಯ ನೇಮವನ್ನು ನಡೆಸಲು ಮಠಗಳಿಗಿಂತ ಯೋಗ್ಯವಾದ ಸ್ಥಾನವು ಯಾವುದು? ಶ್ರೀಮಠದ ಶಿಷ್ಯವರ್ಗದಲ್ಲಿ ಕೃಷಿಶಾಸ್ತ್ರವನ್ನು ಓದಿ ನಿವೃತ್ತರಾದವರಿದ್ದಾರೆ. ಅನುಭವದಿಂದ ಪಂಡಿತರಾದ ಒಕ್ಕಲಿಗರಿದ್ದಾರೆ. ಅವರು ವರುಷಕ್ಕೆ ಕೆಲವು ದಿನಗಳನ್ನು ಸಣ್ಣ ರೈತರ ಹೊಲಗಳಲ್ಲಿ ಕಳೆಯಲಿ. ಹೊಸ ಕ್ರಮವನ್ನು ನಾಲ್ಕಾರು ಗುಂಟೆಯಲ್ಲಿ ನೋಡಲೊಪ್ಪಿದ ಬಡ ರೈತನಿಗೆ ನಾಟಿಯ ತಿಂಗಳಲ್ಲಿ ಉಣ್ಣುವಷ್ಟು ಕಾಳನ್ನೂ, ಬೆಳೆ ಸೋತರೆ ಸೋತಷ್ಟು ಕಾಳನ್ನೂ ದಾಸೋಹದ ಉಗ್ರಾಣದಿಂದ ಅಳೆದುಕೊಡುವ ವ್ಯವಸ್ಥೆಯಾಗಲಿ. ಆಗ ಅನ್ನದಾಸೋಹವೂ ವಿದ್ಯಾದಾಸೋಹವೂ ಒಂದೇ ಹೊಲದಲ್ಲಿ ಕೂಡುವುವು. ಉತ್ಸವದ ಸ್ಮರಣೆಗಾಗಿ ಕಟ್ಟಡಗಳು ಏಳುವುದು ಸಂತೋಷವೇ. ಅವುಗಳೊಡನೆ ಈ ಒಂದು ಕಣಜವನ್ನೂ ಮೀಸಲಿಡಬೇಕೆಂದು ಸನ್ನಿಧಾನದಲ್ಲಿಯೂ ಸದ್ಭಕ್ತರಲ್ಲಿಯೂ ವಿನಯದಿಂದ ಪ್ರಾರ್ಥಿಸುವೆನು.