ತಾಯಿಯ ಸೋಂಕು ಮಗುವಿಗೆ ದಾಟದಂತೆ

ಎಚ್‌ಐವಿ ವೈರಾಣು ತಾಯಿಯಿಂದ ಮಗುವಿಗೆ ಗರ್ಭದಲ್ಲಿ, ಹೆರಿಗೆಯ ವೇಳೆಯಲ್ಲಿ ಇಲ್ಲವೇ ಎದೆಹಾಲಿನ ಮೂಲಕ ದಾಟಬಲ್ಲದು. ಚಿಕಿತ್ಸೆಯಿಲ್ಲದಿದ್ದರೆ ಸೋಂಕಿತ ತಾಯಂದಿರಿಗೆ ಹುಟ್ಟುವ ನೂರು ಮಕ್ಕಳಲ್ಲಿ 15ರಿಂದ 45 ಮಕ್ಕಳಿಗೆ ಸೋಂಕು ತಗಲುತ್ತದೆ. ಔಷಧದಿಂದ ಇದನ್ನು ತಡೆಯಬಹುದೆಂಬುದು ಖಚಿತವಾದದ್ದು 1994ರಲ್ಲಿ. ಅಮೆರಿಕ ಮತ್ತು ಫ್ರಾನ್ಸ್‌ಗಳಲ್ಲಿ ನಡೆದ ಪ್ರಯೋಗದಲ್ಲಿ, ವೈರಾಣುವಿನ ವೃದ್ಧಿಯನ್ನು ತಡೆಯುವ ಜಿಡೊವುಡಿನ್ ಔಷಧವನ್ನು ಗರ್ಭಿಣಿಗೆ ದಿನಕ್ಕೆ ಐದು ಬಾರಿ ಬಾಯಿಯ ಮೂಲಕ, ಹೆರಿಗೆಯಲ್ಲಿ ರಕ್ತನಾಳದ ಮೂಲಕ, ಬಳಿಕ ಮಗುವಿಗೆ ಆರು ವಾರ ಸಿರಪ್ಪಾಗಿ ಕೊಟ್ಟಾಗ, ಸೋಂಕು ದಾಟುವ ಪ್ರಮಾಣ ಸುಮಾರು ಶೇ 25ರಿಂದ ಶೇ 8ಕ್ಕೆ ಇಳಿಯಿತು.

ಹೆರಿಗೆ ನೋವು ಶುರುವಾದ ಮೇಲಷ್ಟೇ ಆಸ್ಪತ್ರೆಗೆ ಬರುವ ಬಡ ಹೆಂಗಸರಿಗೆ ಈ ದುಬಾರಿ ಕ್ರಮ ನಿಲುಕುವಂತಿರಲಿಲ್ಲ. ಉಗಾಂಡದ ಕಂಪಾಲಾದಲ್ಲಿ ನಡೆದ ಅಧ್ಯಯನವು 1999ರಲ್ಲಿ ಅವರಿಗೊಂದು ದಾರಿ ತೋರಿಸಿತು: ನೋವು ಆರಂಭವಾದಾಗ ತಾಯಿಗೆ 200 ಮಿಲಿಗ್ರಾಂನ ಒಂದೇ ಒಂದು ನೆವಿರಾಪಿನ್ ಮಾತ್ರೆ, ಹುಟ್ಟಿದ 72 ಗಂಟೆಗಳೊಳಗೆ ಮಗುವಿನ ಬಾಯಿಗೆ ಅದೇ ಔಷಧದ ಕೆಲವು ಹನಿ.

ಔಷಧವಿದ್ದೂ ಮಕ್ಕಳು ಸೋಂಕಿಗೊಳಗಾದದ್ದು ಈ ಇತಿಹಾಸದ ಅತ್ಯಂತ ನೋವಿನ ಅಧ್ಯಾಯ. ದಕ್ಷಿಣ ಆಫ್ರಿಕಕ್ಕೆ ನೆವಿರಾಪಿನ್ ಅನ್ನು ಐದು ವರ್ಷ ಉಚಿತವಾಗಿ ಕೊಡಲು ತಯಾರಕರು ಮುಂದೆ ಬಂದಿದ್ದರೂ, ಅಲ್ಲಿನ ಸರ್ಕಾರ ಅದನ್ನು ಪ್ರತಿ ಪ್ರಾಂತ್ಯದ ಎರಡೆರಡು ಕೇಂದ್ರಗಳಿಗೆ ಸೀಮಿತಗೊಳಿಸಿತ್ತು. ಉಳಿದ ಸರ್ಕಾರಿ ಆಸ್ಪತ್ರೆಗಳ ವೈದ್ಯರು ಕಣ್ಣೆದುರಿಗಿದ್ದ ಗರ್ಭಿಣಿಗೂ ಅದನ್ನು ಬರೆದುಕೊಡುವಂತಿರಲಿಲ್ಲ. ಜ್ಯಾಕಿ ಆಕ್ಮಟ್ ಅವರ ಮುಂದಾಳತ್ವದ ಟ್ರೀಟ್‌ಮೆಂಟ್ ಆಕ್ಷನ್ ಕ್ಯಾಂಪೇನ್ ಎಂಬ ಜನಸಂಘಟನೆ ಇದನ್ನು ನ್ಯಾಯಾಲಯಕ್ಕೆ ಒಯ್ದಿತು. 2002ರ ಜುಲೈ 5ರಂದು ಅಲ್ಲಿನ ಸಂವಿಧಾನ ನ್ಯಾಯಾಲಯವು, ಆರೋಗ್ಯಸೇವೆ ಪಡೆಯುವ ಹಕ್ಕಿನ ಆಧಾರದ ಮೇಲೆ, ಈ ನಿರ್ಬಂಧವನ್ನು ತಡಮಾಡದೆ ತೆಗೆದುಹಾಕುವಂತೆ ಆದೇಶಿಸಿತು.

ಆದರೂ ಒಂದೇ ಮಾತ್ರೆಯ ಕ್ರಮ ಮಗುವನ್ನಷ್ಟೇ ಕಾಯುತ್ತಿತ್ತು; ತಾಯಿಯ ಕಾಯಿಲೆಯನ್ನು ಹಾಗೆಯೇ ಬಿಡುತ್ತಿತ್ತು. ಜೊತೆಗೆ ಅವಳಲ್ಲಿ ಉಳಿದ ವೈರಾಣು ಆ ಔಷಧಕ್ಕೆ ಬಗ್ಗದಂತಾಗುವ ಅಪಾಯವೂ ಇತ್ತು. ತಾಯಿಯೂ ರೋಗಿಯೇ ಎಂಬ ಅರಿವು ನೀತಿಯಾಗಲು ಇಷ್ಟು ಕಾಲ ಬೇಕಾದದ್ದು ಖೇದಕರ. ಮಲಾವಿ ದೇಶ 2011ರಲ್ಲಿ, ಸೋಂಕಿನ ಹಂತ ಯಾವುದೇ ಇರಲಿ, ಪ್ರತಿ ಸೋಂಕಿತ ಗರ್ಭಿಣಿಗೂ ಮೂರು ಔಷಧಗಳ ಸಂಯೋಜನೆಯನ್ನು ಜೀವನಪರ್ಯಂತ ಕೊಡಲಾರಂಭಿಸಿತು. ಭಾರತದಲ್ಲಿ 2012ರಲ್ಲಿ ಕರ್ನಾಟಕವೂ ಸೇರಿದಂತೆ ದಕ್ಷಿಣದ ರಾಜ್ಯಗಳಲ್ಲಿ ಬಹು ಔಷಧ ಕ್ರಮ ಮೊದಲಾಗಿ, 2014ರಿಂದ ದೇಶಕ್ಕೆಲ್ಲ ವಿಸ್ತರಿಸಿತು. ಈ ಚಿಕಿತ್ಸೆಯಲ್ಲಿರುವ ತಾಯಿ ಮಾತ್ರೆ ತಪ್ಪಿಸದಿದ್ದರೆ ಎದೆಹಾಲನ್ನೂ ಉಣಿಸಬಹುದು. ತಾಯಿಯ ಪ್ರತಿಕಾಯಗಳು, ಅಂದರೆ ಸೋಂಕಿನ ವಿರುದ್ಧ ಅವಳ ದೇಹ ರೂಪಿಸಿಕೊಂಡ ಅಂಶಗಳು, ಮಗುವಿನ ರಕ್ತದಲ್ಲೂ ಕೆಲಕಾಲ ಉಳಿಯುವುದರಿಂದ, ಮಗುವಿಗೆ ಸೋಂಕು ತಗಲಿದೆಯೇ ಎಂದು ತಿಳಿಯಲು ಆರನೆಯ ವಾರದಲ್ಲಿ ವೈರಾಣುವನ್ನೇ ನೇರವಾಗಿ ಹುಡುಕುವ ಪರೀಕ್ಷೆ ನಡೆಯುತ್ತದೆ. ಪ್ರತಿಕಾಯಗಳ ಸಾಮಾನ್ಯ ಪರೀಕ್ಷೆಯನ್ನು ನಂಬಿ ಕೊನೆಯ ಮಾತು ಹೇಳಲು ಮಗುವಿಗೆ ಹದಿನೆಂಟು ತಿಂಗಳು ತುಂಬಬೇಕು.