ಅಂಬಿಗನಿಗೆ ಪ್ರವೇಶವಿಲ್ಲದ ದೋಣಿ ಪಂದ್ಯ



ಚಿಂತಾಮಣಿಯಲ್ಲಿ ದೋಣಿ ಪಂದ್ಯದ ಬಗ್ಗೆ ಉಪನ್ಯಾಸ ಅಂತ ಆಹ್ವಾನಪತ್ರಿಕೆ ನೋಡಿ ಕೆಲವರು ನಕ್ಕರಂತೆ. ನಗಲಿ. ಕೆರೆ ಕೋಡಿ ಬಿದ್ದರೆ ಊರಿಗೆ ಊರೇ ನೋಡಲು ಹೊರಡುವ ಸೀಮೆ ನಮ್ಮದು. ಹುಟ್ಟು ಹಿಡಿದವರು ಈ ಸಭೆಯಲ್ಲಿ ಎಷ್ಟು ಜನ ಇದ್ದೀರೋ ಕಾಣೆ. ಆದರೆ ನಾನು ಎತ್ತಿಕೊಂಡಿರುವ ಜಗಳ ಶಿಡ್ಲಘಟ್ಟದ ರೇಷ್ಮೆ ರೀಲರಿಗೂ ಇಲ್ಲಿನ ಗಾರೆಯವರಿಗೂ ತಟ್ಟುವಂಥದ್ದು.

ಚರಿತ್ರೆ ಎರಡು ಮಾತಲ್ಲಿ ಮುಗಿಸುತ್ತೇನೆ. 1892ರಲ್ಲಿ ಇಟಲಿಯ ಟ್ಯೂರಿನ್ನಿನಲ್ಲಿ ಫೀಸಾ ಎಂಬ ಅಂತರರಾಷ್ಟ್ರೀಯ ದೋಣಿ ಸಂಘ ಹುಟ್ಟಿತು. ಮರುವರ್ಷ ಓರ್ಟಾ ಸರೋವರದಲ್ಲಿ ಮೊದಲ ಯುರೋಪಿಯನ್ ಚಾಂಪಿಯನ್‌ಷಿಪ್. 1912ರಲ್ಲಿ ಜಿನೀವಾ, 1913ರಲ್ಲಿ ಘೆಂಟ್, ಆಮೇಲೆ ಮಹಾಯುದ್ಧ ಬಂದು ಎಲ್ಲ ನಿಂತಿತು. ಸೋಜಿಗವೆಂದರೆ, ಈ ಆಟದ ತವರು ಅನ್ನಿಸಿಕೊಂಡ ಇಂಗ್ಲೆಂಡು ಫೀಸಾದೊಳಕ್ಕೆ ಬಂದದ್ದು ಎರಡನೆಯ ಮಹಾಯುದ್ಧ ಕಳೆದ ಮೇಲೆ. ಅಲ್ಲಿಯವರೆಗೆ ಥೇಮ್ಸ್ ದಂಡೆಯ ಹೆನ್ಲಿ ಪಂದ್ಯವೇ ಅವರ ಜಾತ್ರೆ, ಅವರ ಮಠ.

ಮಠ ಅಂದಮೇಲೆ ಮಡಿಯೂ ಇರಬೇಕಲ್ಲ. 1879ರಲ್ಲಿ ಹೆನ್ಲಿಯವರು ಒಂದು ನಿಯಮ ಬರೆದರು. ಹಣಕ್ಕಾಗಿ ಪಂದ್ಯ ಆಡಿದವನು ಹವ್ಯಾಸಿಯಲ್ಲ. ಇದು ಸರಿಯೇ ಅನ್ನೋಣ. ದೋಣಿಯಲ್ಲಿ ಕೂಲಿಗೆ ದುಡಿದವನೂ ಅಲ್ಲ. ಹೊಟ್ಟೆಪಾಡಿಗೆ ಕಸರತ್ತು ಕಲಿಸಿದವನೂ ಅಲ್ಲ. ಅಂದರೆ ನಮ್ಮ ಪಿ.ಟಿ. ಮೇಷ್ಟ್ರುಗಳೆಲ್ಲ ಆಚೆ. ಕೊನೆಯದು ಕೇಳಿ: ಸಂಬಳಕ್ಕೆ ಯಂತ್ರದ ಕೆಲಸ, ಕುಶಲ ಕೆಲಸ, ಕೂಲಿ ಮಾಡಿದವನು, ಜನ್ಮದಲ್ಲಿ ದೋಣಿಯಿಂದ ಒಂದು ಕಾಸು ಗಳಿಸದಿದ್ದರೂ, ಹವ್ಯಾಸಿಯಲ್ಲ.

ಇದರ ಪೆಟ್ಟು ಬಿದ್ದವರಲ್ಲಿ ಹೆಸರಾದವನು ಅಮೆರಿಕದ ಫಿಲಡೆಲ್ಫಿಯಾದ ಜಾಕ್ ಕೆಲಿ, ಇಟ್ಟಿಗೆ ಗೋಡೆ ಕಟ್ಟುತ್ತಿದ್ದವನು. 1920ರಲ್ಲಿ ಹೆನ್ಲಿ ಅವನ ಅರ್ಜಿ ತಿರಸ್ಕರಿಸಿತು. ಅವನ ಕ್ಲಬ್ಬಿನ ಮೇಲೆ ಹಳೆಯ ನಿಷೇಧವೊಂದಿತ್ತು, ಜೊತೆಗೆ ಕೈಕೆಲಸದ ಈ ಕಲಮು. ಆ ವರ್ಷ ಹೆನ್ಲಿಯಲ್ಲಿ ಗೆದ್ದವನು ಜಾಕ್ ಬೆರೆಸ್‌ಫರ್ಡ್. ಮನೆತನದ್ದು ಪೀಠೋಪಕರಣದ ಉದ್ಯಮ. ಕುರ್ಚಿ ಮಾಡಿಸುವವನಿಗೆ ಬಾಗಿಲು ತೆರೆದಿತ್ತು, ಮಾಡುವ ಬಡಗಿಗೆ ಮುಚ್ಚಿತ್ತು. ಮುಂದಿನ ತಿಂಗಳೇ ಆಂಟ್‌ವರ್ಪ್ ಒಲಿಂಪಿಕ್ಸಿನ ಫೈನಲ್ಲಿನಲ್ಲಿ ಇಬ್ಬರೂ ಎದುರಾದರು. ಕೆಲಿ ಒಂದು ಸೆಕೆಂಡಿನ ಅಂತರದಲ್ಲಿ ಗೆದ್ದ. ಅದೇ ದಿನ ತನ್ನ ಸೋದರಸಂಬಂಧಿ ಪಾಲ್ ಕಾಸ್ಟೆಲೊ ಜೊತೆ ಜೋಡಿ ಸ್ಪರ್ಧೆಯನ್ನೂ ಗೆದ್ದ.

ಕೆಲಿಯ ಕತೆ ಎಲ್ಲರೂ ಹೇಳುತ್ತಾರೆ. ನನ್ನ ಹುಚ್ಚು ಬೇರೆ ಒಬ್ಬರ ಮೇಲೆ: ಫ್ರೆಡರಿಕ್ ಫರ್ನಿವಾಲ್. ಇಂಗ್ಲಿಷಿನ ಹಳೆಯ ಗ್ರಂಥಗಳನ್ನು ಅಚ್ಚು ಹಾಕಿಸಲು 1864ರಲ್ಲಿ ಸಂಘ ಕಟ್ಟಿದವರು, ಆಕ್ಸ್‌ಫರ್ಡ್ ನಿಘಂಟಿಗೆ ತಳಪಾಯ ಹಾಕಿದವರಲ್ಲಿ ಒಬ್ಬರು. ಎಂಬತ್ತು ದಾಟಿದ ಮೇಲೂ ಭಾನುವಾರ ಥೇಮ್ಸಿನಲ್ಲಿ ಹುಟ್ಟು ಹಾಕುತ್ತಿದ್ದ ಮುದುಕ. ಹೆನ್ಲಿಯ ಮಡಿಗೆ ಎದುರಾಗಿ 1890ರಲ್ಲಿ ಕೈಕೆಲಸದವರನ್ನೂ ಸೇರಿಸಿಕೊಳ್ಳುವ ಹವ್ಯಾಸಿ ಸಂಘ ಕಟ್ಟಿದವರಲ್ಲಿ ಇವರು ಮುಂದು. 1896ರಲ್ಲಿ ಹ್ಯಾಮರ್‌ಸ್ಮಿತ್‌ನಲ್ಲಿ ಹೆಣ್ಣುಮಕ್ಕಳಿಗೆಂದು ದೋಣಿ ಕ್ಲಬ್ ತೆರೆದರು.

ನಿಘಂಟಿನ ಮನುಷ್ಯನಿಗೆ ಈ ಉಸಾಬರಿ ಯಾಕೆ ಅನ್ನುವಾಗೆಲ್ಲ ನನಗೆ ನಮ್ಮ ಹೈಸ್ಕೂಲಿನ ಕನ್ನಡ ಮೇಷ್ಟ್ರು ನೆನಪಾಗುತ್ತಾರೆ. ಮನೆಯಲ್ಲಿ ತೆಲುಗು, ತರಗತಿಯಲ್ಲಿ ಹಳಗನ್ನಡ. ಕಿಟ್ಟೆಲ್ ನಿಘಂಟು ಮುಟ್ಟಬೇಕಾದರೆ ಕೈ ತೊಳೆದು ಬರಬೇಕು. ರಜೆಯಲ್ಲಿ ನಮ್ಮನ್ನು ಕೆರೆ ಏರಿಯ ಮೇಲೆ, ಗುಡಿಯ ಹಿಂದೆ ಕರೆದುಕೊಂಡು ಹೋಗಿ ಶಾಸನ ಓದಿಸುತ್ತಿದ್ದರು. ರೈಸ್ ಸಾಹೇಬರು 1905ರಲ್ಲೇ ಕೋಲಾರ ಜಿಲ್ಲೆಯ ಶಾಸನಗಳ ಸಂಪುಟ ತಂದಿದ್ದರಲ್ಲ, ಅದರ ಟಿಪ್ಪಣಿಗಳನ್ನು ಬರೆದಿಟ್ಟುಕೊಂಡಿದ್ದರು. ನಾವು ರಾಜನ ಬಿರುದು ಹುಡುಕಿದರೆ ಗದರುತ್ತಿದ್ದರು. "ಅದು ಇದ್ದೇ ಇರ್ತದೆ, ಓಡಿಹೋಗಲ್ಲ. ಕೆಳಗಡೆ ನೋಡೋ, ಕೆತ್ತಿದವನ ಹೆಸರಿದೆಯಾ?" ಇದ್ದರೆ ಆ ದಿನ ಎಲ್ಲರಿಗೂ ಅವರ ಖರ್ಚಿನಲ್ಲಿ ಬೋಂಡ.

ಹೆನ್ಲಿಯವರ ವಾದವನ್ನೂ ಕೇಳಬೇಕು. ದಿನವಿಡೀ ಮೈ ದಂಡಿಸುವವನ ತೋಳಿಗೂ ಆಫೀಸಿನವನ ತೋಳಿಗೂ ಸಮ ಎಲ್ಲಿ ಅಂತ ಅವರ ಪ್ರಶ್ನೆ. ತೋಳಿನ ಚಿಂತೆಯೇ ಆಗಿದ್ದರೆ, ಆಡಿ ಬೆಳೆಯಲು ಹೊತ್ತು, ಹಾಲು ಮಾಂಸ, ಕಾಲೇಜಿನ ದೋಣಿ ಇದ್ದ ಶ್ರೀಮಂತರ ಹುಡುಗರನ್ನೂ ತೂಗಬೇಕಿತ್ತಲ್ಲ! 1936ರಲ್ಲಿ ಆಸ್ಟ್ರೇಲಿಯಾದ ಪೊಲೀಸರ ತಂಡವನ್ನೂ ಇದೇ ಕಲಮಿನಡಿ ಹೊರಗಿಟ್ಟು ನಗೆಗೀಡಾದ ಮೇಲೆಯೇ ಅದು ಬಿದ್ದದ್ದು.

ಇಷ್ಟಾದರೂ ನನಗೆ ಒಂದು ಮುಳ್ಳು ಉಳಿದಿದೆ. ಫರ್ನಿವಾಲರ ಸಂಘ ಬಡಗಿಯನ್ನು, ಗಾರೆಯವನನ್ನು ಒಳಗೆ ಕರೆಯಿತು. ಹಣಕ್ಕೆ ಪಂದ್ಯ ಆಡುವವನನ್ನು ಅದೂ ಹೊರಗೇ ಇಟ್ಟಿತು. ಹೆಸರಿನಲ್ಲೇ ಹವ್ಯಾಸಿ ಇತ್ತಲ್ಲ. ಥೇಮ್ಸಿನ ಅಂಬಿಗರಿಗೆ 1715ರಿಂದ ಬೇರೆಯೇ ಡಾಗೆಟ್ ಪಂದ್ಯ ನಡೆದುಬಂದಿತ್ತು, ಅಷ್ಟೆ. ನಮ್ಮಲ್ಲಿ ಹನ್ನೆರಡನೆಯ ಶತಮಾನದಲ್ಲೇ ತುಂಗಭದ್ರೆಯ ಅಂಬಿಗ, ವಚನಕಾರ ಚೌಡಯ್ಯ ತನ್ನ ಕಸುಬನ್ನೇ ಹೆಸರಿನ ಮುಂದಿಟ್ಟುಕೊಂಡು ಮಠದವರನ್ನು ಬೈದ. ಇಂಗ್ಲೆಂಡಿನಲ್ಲಿ ಅಂಬಿಗನ ಮಾತು ಪಂಡಿತರ ಸಭೆಯಲ್ಲಿ ಕೇಳಲೇ ಇಲ್ಲವೇ?

ಈಗ ನೀವು ಕೇಳಬಹುದು, ಹಾಗಾದರೆ ನಿನ್ನ ಪಕ್ಷ ಯಾವುದು ಅಂತ. 2010ರ ಏಷ್ಯನ್ ಕ್ರೀಡಾಕೂಟದಲ್ಲಿ ದೋಣಿಯಲ್ಲಿ ಭಾರತಕ್ಕೆ ಮೊದಲ ಚಿನ್ನ ತಂದ ಬಜರಂಗ್ ಲಾಲ್ ತಾಖರ್ ಸೇನೆಯವರು. ಸಂಬಳ ಕೊಟ್ಟು ಸಾಕಿದ್ದಕ್ಕೇ ಅಂಥ ತೋಳು ಬಂತು. ಅದಕ್ಕೆ ಚಪ್ಪಾಳೆ ತಟ್ಟಿದವನು ನಾನೂ. ಆದರೆ ಆನೆಗೊಂದಿಯ ಹರಿಗೋಲಿನವನ ಮಗ ನಾಳೆ ಕಾಲೇಜು ಹುಡುಗರ ಪಂದ್ಯಕ್ಕೆ ಬಂದು ಎಲ್ಲರನ್ನೂ ಸೋಲಿಸಿದರೆ, ಇದು ನ್ಯಾಯವೇ ಅಂತ ದೂರುವ ಹುಡುಗನಿಗೆ ನಾನು ಏನು ಹೇಳಲಿ? ಹವ್ಯಾಸಿಗೆ ಬೇರೆ, ಕಸುಬಿನವನಿಗೆ ಬೇರೆ ಪಂದ್ಯ ಇರಲಿ ಅಂದರೆ, ನಾನೂ ಹೆನ್ಲಿಯವನಾಗಿಬಿಡುತ್ತೇನೆಯೇ?